ನದಿಯಾಚೆಯ ಒಲೆ ಮತ್ತು ಮಾವನವರ ಕನ್ನಡ

೧೭ ನವೆಂಬರ್ ೧೯೮೫, ಭಾನುವಾರ

ಕಲ್ಯಾಣಪ್ಪ ಕಾಕಾ ಬಂದಿದ್ದರು. ಕನ್ನಡ ಸಂಘದ ಅಧ್ಯಕ್ಷರು ನಮ್ಮ ಮೆಹದಿಪಟ್ಟಣಂವರೆಗೆ ಬಸ್ಸು ಹತ್ತಿ ಬಂದಿದ್ದಾರೆಂದರೆ ಏನೋ ಕೆಲಸ ಹೊರಿಸಲಿಕ್ಕೇ ಎಂದು ಗೊತ್ತಿತ್ತು. ಹಾಗೇ ಆಯಿತು. ಡಿಸೆಂಬರ್ ಎಂಟಕ್ಕೆ ಮಾವನವರ ನೆನಪಿಗಾಗಿ ಸಂಘದಲ್ಲಿ 'ನದಿಯಾಚೆಯ ಒಲೆ' ಎಂಬ ರಷ್ಯನ್ ಚಿತ್ರ ತೋರಿಸುತ್ತಾರಂತೆ. ಹಳೆಯ ಪ್ರಿಂಟು ಹುಳಿ ವಾಸನೆ ಹೊಡೆದು ಹಾಳಾಗಿದೆ. ಮದರಾಸಿನಿಂದ ಹೊಸದು ಬರುತ್ತದೆ, ಅದರಲ್ಲಿ ಮಾತಿನ ಅರ್ಥ ಪರದೆಯ ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಬರುತ್ತದೆ.

"ನಿಮ್ಮ ಮಾವನಂಗ ನಿಂತು ಹೇಳಾವ್ರು ಈಗ ಯಾರದಾರ? ನೀ ಕಾಲೇಜಿನ್ಯಾಗ ಇಂಗ್ಲಿಷ್ ಕಲಸಾಕಿ. ತಳಗ ಬರೂದನ್ನ ನೋಡಿ ಮೈಕಿನ್ಯಾಗ ಕನ್ನಡದಾಗ ಹೇಳು. ಮುದುಕ ಮಂದಿಗೆ ತಿಳೀಬೇಕಲ್ಲ. ಮೊದಲ ಒಂದೀಟು ಹೊತ್ತು ಈ ಸಿನಿಮಾ ಯಾಕ ಅಷ್ಟು ದೊಡ್ಡದು ಅಂತನೂ ಮಾತಾಡು" ಎಂದರು.

"ದೊಡ್ಡದಲ್ಲ ಅಂತ ಅನ್ನಿಸಿದ್ರ, ಕಾಕಾ?"

"ನಿನ್ನ ಬಾಯಿ ನಿಂದು ಯವ್ವಾ. ಆದ್ರ ಹಾಲಿನ್ಯಾಗಿನ ಕುರ್ಚಿ ಸಂಘದವು. ಮಂದಿ ಸಿಟ್ಟಿಗೆದ್ದು ಮುರೀದಂಗ ನೋಡ್ಕೊ."

ಒಪ್ಪಿಕೊಂಡೆ. ಎಷ್ಟೋ ದಿನದಿಂದ ಈ ಚಿತ್ರವನ್ನು ಒಂದು ಕೈ ನೋಡಬೇಕೆಂದಿದ್ದೆ, ತಾನಾಗಿ ಅವಕಾಶ ಬಂದಿದೆ.

೧೯ ನವೆಂಬರ್

ಭಾಷಣ ಬರೆಯಲು ಕೂತೆ, ಒಂದೇ ಓಟದಲ್ಲಿ ನಾಲ್ಕು ಪುಟ ಆಯಿತು. ಸುಳ್ಳು ಹೊಗಳಿಕೆ ಬರೆಯುವುದಾದರೆ ಪೆನ್ನು ಅಲ್ಲಲ್ಲಿ ನಿಲ್ಲುತ್ತದೆ, ಬೈಯುವಾಗ ನನ್ನ ಪೆನ್ನು ನಿಂತ ನೆನಪಿಲ್ಲ.

ನನ್ನ ವಾದ ಇಷ್ಟೇ. ಪುಸ್ತಕಗಳೆಲ್ಲ ಇದನ್ನು ಯುದ್ಧದ ಚಿತ್ರಗಳಲ್ಲಿ ಮೇರು ಎನ್ನುತ್ತವೆ, ದೇಶದೇಶಗಳಲ್ಲಿ ಪ್ರಶಸ್ತಿ ಬಂದಿದೆ, ಹೈದರಾಬಾದಿನ ಕನ್ನಡಿಗರಂತೂ ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ. ಆದರೆ ಚಿತ್ರದಲ್ಲಿ ಇರುವುದೇನು? ಅರ್ಧ ಹಿಮ, ಕಾಲು ಕುದುರೆ. ಉಳಿದದ್ದು ಒಬ್ಬ ರಷ್ಯನ್ ತಾಯಿ. ಅವಳ ಮಗ ಯುದ್ಧದಲ್ಲಿ ಸತ್ತಿದ್ದಾನೆ. ಚಳಿಗೆ ಮರಗಟ್ಟಿದ ಜರ್ಮನ್ ಶತ್ರು ಸೈನಿಕನೊಬ್ಬ, ಇನ್ನೂ ಮೀಸೆ ಚಿಗುರದ ಹುಡುಗ, ಅವಳ ಬಾಗಿಲಿಗೆ ಬರುತ್ತಾನೆ. ಅವಳು ಒಲೆಯ ಮುಂದೆ ಕೂರಿಸಿ ಗಂಜಿ ಬಡಿಸುತ್ತಾಳೆ. ಅಷ್ಟರಲ್ಲಿ ಅವಳ ಕಡೆಯವರು ಅಕಸ್ಮಾತ್ತಾಗಿ ಬಂದು ಅವನನ್ನು ಎಳೆದೊಯ್ಯುತ್ತಾರೆ. ಅವಳು ಅಳುತ್ತಾಳೆ. ಮುಗಿಯಿತು.

ಹಳೆಯ ಪ್ರಿಂಟಿನಲ್ಲಿ ಅಕ್ಷರವೇ ಇರಲಿಲ್ಲ. ದೀಪಾವಳಿ ಕಳೆದ ಮೇಲೆ ಪ್ರತಿ ವರ್ಷ ಸಂಘದಲ್ಲಿ ಅದನ್ನು ಹಾಕುವುದು, ಮಾವನವರು ಪ್ರೊಜೆಕ್ಟರಿನ ಪಕ್ಕ ಮೈಕ್ ಹಿಡಿದು ಕತ್ತಲಲ್ಲಿ ಎಲ್ಲರ ಮಾತನ್ನೂ ಕನ್ನಡದಲ್ಲಿ ಹೇಳುವುದು, ಇದು ಇಪ್ಪತ್ತು ವರ್ಷ ನಡೆದ ಪದ್ಧತಿ. ಸಚಿವಾಲಯದ ಗುಮಾಸ್ತರಾಗಿದ್ದ ಅವರು ನಾರಾಯಣಗುಡದ ಸಂಜೆ ತರಗತಿಯಲ್ಲಿ ರಷ್ಯನ್ ಕಲಿತಿದ್ದರು. ಒಲೆಯ ಮುಂದಿನ ಆ ತಾಯಿಯ ಮಾತು ಈ ಊರಿನ ಕನ್ನಡಿಗರಿಗೆಲ್ಲ ಬಾಯಿಪಾಠ. "ನೀ ಯಾರ ಮಗ ಅಂತ ನಾ ಕೇಳೂದಿಲ್ಲಪ್ಪ. ಮೊದಲ ಉಣ್ಣು. ನನ್ನ ಮಗ ಹೋದ ಕಡೆನೂ ಯಾರೋ ಒಬ್ಬಾಕಿ ಒಲಿ ಹಚ್ಚಿರ್ತಾಳ."

ಪ್ರತಿ ವರ್ಷ ಈ ಮಾತಿಗೆ ಹಾಲಿನಲ್ಲಿ ಮೂಗು ಒರೆಸುವ ಸದ್ದು. ನನಗೆ ಮಾತ್ರ ಬರೀ ಸಕ್ಕರೆ ಪಾಕ. ಮಗನನ್ನು ಕಳೆದುಕೊಂಡವಳು ಅಷ್ಟು ಸುಲಭವಾಗಿ ಕ್ಷಮಿಸುವಳೇ? ಭಾಷಣದಲ್ಲಿ ಇದನ್ನೇ ಕೇಳುತ್ತೇನೆ.

ಸಂಜೆ ಅತ್ತೆ ಮತ್ತೆ ಅದೇ ಕೆಲಸ ಮಾಡಿದರು. ಸಿಲಿಂಡರ್ ತಂದ ಖಾಕಿ ಅಂಗಿಯವನನ್ನು ಒಳಗೆ ಕೂರಿಸಿ ಜೋಳದ ರೊಟ್ಟಿ, ಪುಂಡಿಪಲ್ಯ ಹಾಕಿದರು. ಅಂಚೆಯವನು, ಬಸ್ ಕಂಡಕ್ಟರ್, ಹೋಂಗಾರ್ಡ್, ಖಾಕಿ ಕಂಡರೆ ಸಾಕು, ನಮ್ಮ ಅತ್ತೆ ಅಂಬವ್ವನವರ ಕೈ ರೊಟ್ಟಿ ಬುಟ್ಟಿಗೆ ಹೋಗುತ್ತದೆ. ನಮಗೆ ರಾತ್ರಿಗೆ ಅನ್ನವೇ ಗತಿಯಾಯಿತು. ಉಗಾದಿಗೆ ಮುಂಚೆ ಮಾವನವರು ತೀರಿಕೊಂಡಾಗಿನಿಂದ ಮಾತೇ ಕಡಿಮೆ, ನನ್ನ ಜೊತೆಗಂತೂ 'ಹೂಂ', 'ಉಹೂಂ' ಬಿಟ್ಟರೆ ಮೂರನೆಯದಿಲ್ಲ.

೨೩ ನವೆಂಬರ್

ನಮ್ಮವರು ಜೀಡಿಮೆಟ್ಲಾದಿಂದ ಬಂದು, ಮೈಮೇಲಿನ ಕಾರ್ಖಾನೆಯ ವಾಸನೆ ಹೋಗುವ ಮೊದಲೇ ನನ್ನ ನಾಲ್ಕು ಪುಟ ಓದಿದರು. ಮುಖ ಬಾಡಿತು.

"ಅಪ್ಪನ ನೆನಪಿಗೆ ಇಟ್ಟ ಕಾರ್ಯಕ್ರಮದಾಗ ಇದನ್ನ ಓದ್ತಿ?"

"ಅಪ್ಪಗ ಅಂದಿಲ್ಲ, ಸಿನಿಮಾಕ್ಕ ಅಂದೀನಿ."

"ಅವ್ವಗ ಎರಡೂ ಒಂದ" ಎಂದರು ವೈಜನಾಥ.

ಆಮೇಲೆ, ಎಂದೂ ಹೇಳದವರು ಒಂದು ಸಂಗತಿ ಹೇಳಿದರು. ಸೈನ್ಯದಲ್ಲಿದ್ದ ಇವರ ಅಣ್ಣ ಬಸವಲಿಂಗಪ್ಪ ಚೀನಾ ಯುದ್ಧದಲ್ಲಿ ಕಾಣೆಯಾದದ್ದು ನನಗೆ ಗೊತ್ತಿತ್ತು. ಸತ್ತನೆಂದು ಯಾರೂ ಹೇಳಲಿಲ್ಲ, ಬದುಕಿದ್ದಾನೆಂದೂ ಹೇಳಲಿಲ್ಲ. ಅದಾದ ಮೇಲೆ ಅತ್ತೆ ಸರಿಯಾಗಿ ಊಟ ಮಾಡುತ್ತಿರಲಿಲ್ಲವಂತೆ. ತುತ್ತು ಎತ್ತಿ, ಅವನು ಉಂಡನೋ ಇಲ್ಲವೋ ಎಂದು ಕೆಳಗಿಡುತ್ತಿದ್ದರಂತೆ. ಎರಡು ವರ್ಷದ ನಂತರ ಸಂಘದಲ್ಲಿ ಮೊದಲ ಸಲ ಈ ಚಿತ್ರ ಹಾಕಿದರು. ಆ ಸಂಜೆ ಮನೆಗೆ ಬಂದು ಅತ್ತೆ ತಾವಾಗಿಯೇ ತಟ್ಟೆ ಹಾಕಿಕೊಂಡು ಕೂತರು. "ನಾ ಆಗ ಸಣ್ಣಾಂವ. ಅವ್ವ ಎರಡು ರೊಟ್ಟಿ ತಿಂದಿದ್ದು ಇನ್ನೂ ಕಣ್ಣಮುಂದ ಐತಿ."

ಕೇಳಿ ಪಾಪ ಅನ್ನಿಸಿತು. ಆದರೆ ಒಬ್ಬರಿಗೆ ಸಮಾಧಾನ ಕೊಟ್ಟಿತೆಂದು ಒಂದು ಚಿತ್ರ ಶ್ರೇಷ್ಠವಾಗುವುದಿಲ್ಲ. ಶುಂಠಿ ಕಷಾಯವೂ ಸಮಾಧಾನ ಕೊಡುತ್ತದೆ, ಅದಕ್ಕೆ ಯಾರೂ ಪ್ರಶಸ್ತಿ ಕೊಡುವುದಿಲ್ಲ. ನಾಲ್ಕು ಪುಟವೂ ಹಾಗೇ ಇರುತ್ತದೆ. 'ಸಕ್ಕರೆ ಪಾಕ' ಎಂಬ ಮಾತನ್ನು ಮಾತ್ರ ಹೊಡೆದುಹಾಕಿದೆ, ವಾಕ್ಯ ಉದ್ದವಾಗಿತ್ತು.

೨೮ ನವೆಂಬರ್, ಗುರುವಾರ



ಪ್ರಿಂಟು ನಿನ್ನೆ ಬೇಗಂಪೇಟೆ ವಿಮಾನ ನಿಲ್ದಾಣಕ್ಕೆ ಬಂದಿತ್ತು. ಇವತ್ತು ನನಗೆ ಕಾಲೇಜು ಇರಲಿಲ್ಲ. ಹಗಲಲ್ಲೇ ಹಾಲಿನ ಕಿಟಕಿಗಳಿಗೆಲ್ಲ ಕರಿ ಬಟ್ಟೆ ಕಟ್ಟಿಸಿ ಒಬ್ಬಳೇ ಕೂತು ನೋಡಿದೆ. ಕೆಳಗೆ ಬರುವ ಇಂಗ್ಲಿಷನ್ನು ಕನ್ನಡದಲ್ಲಿ ಗುನುಗಿ ಅಭ್ಯಾಸ ಮಾಡುತ್ತಿದ್ದೆ. ಮೊದಲ ಭಾಗದಲ್ಲಿ ಮಾವನವರು ಹೇಳುತ್ತಿದ್ದದ್ದಕ್ಕೂ ಅಕ್ಷರಕ್ಕೂ ಏನೇನೂ ವ್ಯತ್ಯಾಸವಿಲ್ಲ. ಹಿಮವೂ ಅಷ್ಟೇ, ಕುದುರೆಗಳೂ ಅಷ್ಟೇ.

ಒಲೆಯ ದೃಶ್ಯ ಬಂತು. ಹುಡುಗ ಗಂಜಿ ಕುಡಿಯುತ್ತಿದ್ದಾನೆ. ಅವನಿಗೆ ರಷ್ಯನ್ ಬಾರದು, ಅವಳಿಗೆ ಜರ್ಮನ್ ಬಾರದು. ಅವಳು ಮಗುವನ್ನು ಮಲಗಿಸುವ ದನಿಯಲ್ಲಿ ಮಾತಾಡತೊಡಗಿದಳು. ಕೆಳಗೆ ಅಕ್ಷರ ಬಂತು. ನನ್ನ ಗುನುಗು ಅಲ್ಲಿಗೇ ನಿಂತಿತು.

"ನಿಧಾನವಾಗಿ ತಿನ್ನು ಮಗು. ನನ್ನ ಮಾತು ನಿನಗೆ ತಿಳಿಯದು, ಅದಕ್ಕೇ ಹೇಳುತ್ತಿದ್ದೇನೆ. ನನ್ನ ಮಗ ನೀರು ನೀರು ಎನ್ನುತ್ತ ಸತ್ತ, ನಿಮ್ಮವರು ನಗುತ್ತ ನಿಂತಿದ್ದರು. ನಮ್ಮವರಿಗೆ ಹೇಳಿ ಕಳಿಸಿದ್ದೇನೆ. ಬಟ್ಟಲು ಬರಿದಾಗುವುದರೊಳಗೆ ಬರುತ್ತಾರೆ."

ಹುಡುಗ ನಕ್ಕು ಇನ್ನಷ್ಟು ಬೇಕೆಂದು ಬಟ್ಟಲು ಚಾಚಿದ. ಅವಳು ಬಡಿಸಿದಳು.

ಆಮೇಲೆ ಅವರು ಬಂದಾಗ ಹುಡುಗ ಮೊದಲು ನೋಡಿದ್ದು ಅವಳ ಕಡೆಗೆ, ಅವಳು ಕಾಪಾಡುತ್ತಾಳೆಂದು. ಅವನನ್ನು ಎಳೆದೊಯ್ದ ಮೇಲೆ ಅವಳು ಆ ಎಂಜಲು ಬಟ್ಟಲನ್ನು ಎತ್ತಿಕೊಂಡಳು, ಎಲ್ಲಿಡಬೇಕೆಂದು ತಿಳಿಯದೆ ಮನೆಯೆಲ್ಲ ತಿರುಗಿದಳು. ಆ ಅಳು ಕ್ಷಮಿಸಿದವಳ ಅಳುವಲ್ಲ. ಸೇಡು ತೀರಿಸಿಕೊಂಡು, ಅದರಿಂದ ಏನೂ ತೀರದೆ ಹೋದವಳ ಅಳು.

ಇಂಥ ಚಿತ್ರ ನಾನು ನೋಡಿಲ್ಲ. ಒಪ್ಪುತ್ತೇನೆ. ಜಗತ್ತು ಹೊಗಳಿದ್ದು ಸರಿ, ನಮ್ಮ ಸಂಘ ಹೊಗಳಿದ್ದು ಬೇರೆ ಯಾವುದನ್ನೋ.

೨೯ ನವೆಂಬರ್

ರಾತ್ರಿಯೆಲ್ಲ ಪಿತ್ತ ನೆತ್ತಿಗೇರಿತ್ತು. ಮಾವನವರಿಗೆ ರಷ್ಯನ್ ಅಷ್ಟಕ್ಕಷ್ಟೇ ಬರುತ್ತಿತ್ತು, ಬಿಗಿ ಜಾಗ ಬಂದಾಗ ಬಾಯಿಗೆ ಬಂದದ್ದು ಹೇಳಿದರು, ಬೇರೇನಲ್ಲ. ಇಷ್ಟು ವರ್ಷ ಒಂದು ಮಹಾ ಚಿತ್ರದ ಕತ್ತು ಹಿಸುಕಿ, ಅದಕ್ಕೆ ಕಣ್ಣೀರಿನ ಅಂಗಿ ತೊಡಿಸಿ ಮೆರವಣಿಗೆ ಮಾಡಿದ್ದಾರೆ. ಹಳೆಯ ನಾಲ್ಕು ಪುಟ ಹರಿದೆಸೆದೆ. ಹೊಸ ಭಾಷಣದಲ್ಲಿ ನಿಜ ಹೇಳುತ್ತೇನೆ: ಚಿತ್ರ ಶ್ರೇಷ್ಠ, ನಾವು ಕೇಳಿದ ಕನ್ನಡ ತಪ್ಪು.

೧ ಡಿಸೆಂಬರ್, ಭಾನುವಾರ

ಕಲ್ಯಾಣಪ್ಪ ಕಾಕಾನ ಮನೆಗೆ ನಾನೇ ಹೋದೆ. ಇರಾನಿ ಚಹಾ ತರಿಸಿದರು. ಸಾಸರಿಗೆ ಸುರಿದುಕೊಂಡು ಕುಡಿಯುತ್ತಿದ್ದವರಿಗೆ ಎಲ್ಲ ಹೇಳಿ, ಮಾವನವರಿಗೆ ಭಾಷೆ ಬರುತ್ತಿರಲಿಲ್ಲ ಎಂದುಬಿಟ್ಟೆ. ಅವರು ಸಾಸರು ಕೆಳಗಿಟ್ಟರು.

"ನಿಮ್ಮ ಮಾವ ಹಣಮಂತರಾಯಗ ರಷ್ಯನ್ ಬರ್ತಿದ್ದಿಲ್ಲ? ನಾನೂ ಅದ ಕ್ಲಾಸಿನ್ಯಾಗ ಇದ್ದೆ ಯವ್ವಾ. ಮಾಸ್ತರು ತಪ್ಪಿದ್ರ ತಿದ್ತಿದ್ದಾಂವ ಅಂವ. ಮೊದಲನೇ ಷೋ ದಿನ ಮಧ್ಯಾಹ್ನ ನಾವಿಬ್ಬರ ಕುಂತು ನೋಡಿದ್ವಿ. ನೀ ಈಗ ಹೇಳಿದಿಯಲ್ಲ, ಅದನ್ನ ಅಕ್ಷರ ಬಿಡದಂಗ ನನಗ ಹೇಳಿದ್ದ. ಕೇಳಿ ನನ್ನ ಮೈ ಜುಮ್ಮಂದಿತ್ತು."

"ಮತ್ತ ಸಂಜಿಗೆ?"

"ಸಂಜಿಗೆ ಅಂಬವ್ವ ಬರೂದಿಲ್ಲಂದಾಕಿ ಬಂದ್ಲು. ಮನಿ ಬಿಟ್ಟು ಹೊರಗ ಬರ್ತಿದ್ದಿಲ್ಲ ಆಗ. ನಮ್ಮ ಹೆಂಗಸರು ಎಳಕೊಂಡು ಬಂದು ಮುಂದಿನ ಸಾಲಿನ್ಯಾಗ ಕುಂದರಿಸಿದ್ರು. ಆ ಜಾಗಾ ಬಂತು. ಹಣಮಂತ ಒಂದು ಗಳಿಗಿ ಸುಮ್ಮನಾದ. ನಾ ಬಾಜೂಕ ನಿಂತಿದ್ದೆ. ಆಮ್ಯಾಲ ಅಂವ ಹೇಳಿದ್ದು ಬ್ಯಾರೇನ. ಇಪ್ಪತ್ತು ವರ್ಷ ಅದನ್ನ ಕೇಳಿ ಕೇಳಿ, ನಿನಗ ಮೈಕ್ ಕೊಡೂ ಮುಂದ ಖರೇದು ನನಗ ಮರತ ಹೋಗಿತ್ತು."

ನಾನು ಚಹಾದ ಕಪ್ಪನ್ನು ಪಕ್ಕಕ್ಕೆ ಸರಿಸಿದೆ.

"ನೀ ಆಗಿದ್ರ ಏನ ಹೇಳ್ತಿದ್ದಿ?" ಎಂದು ಕಾಕಾ ಕೇಳಿದರು. "ಮಗ ಎಲ್ಲಿ ಅದಾನೋ ಗೊತ್ತಿಲ್ಲದ ತಾಯಿ ಮುಂದ, ನೋಡವಾ, ಪರದೇಶದಾಗ ಉಣ್ಣಾಕ ನೀಡಾಕಿನ ಹಿಡದು ಕೊಡ್ತಾಳ ಅಂತ ಹೇಳ್ತಿದ್ದೇನು?"

ಇಂಥ ಪ್ರಶ್ನೆ ಕೇಳಿ ಬಾಯಿ ಮುಚ್ಚಿಸುವುದು ಸುಲಭ. ಕಲೆಗೆ ಅದರದೇ ಸತ್ಯವಿದೆ, ಯಾರು ಮುಂದಿನ ಸಾಲಿನಲ್ಲಿ ಕೂತಿದ್ದಾರೆ ಎಂದು ನೋಡಿ ಅದನ್ನು ಬದಲಿಸಲಾಗದು ಎಂದೆ. ಕಾಕಾ ಇನ್ನೊಂದು ಚಹಾ ತರಿಸಿದರು. ಬಸ್ಸಿನಲ್ಲಿ ನನ್ನ ಸ್ಟಾಪು ದಾಟಿ ಹೋಗಿಬಿಟ್ಟಿದ್ದೆ, ನಡೆದು ವಾಪಸ್ಸು ಬಂದೆ.

೩ ಡಿಸೆಂಬರ್

ಅತ್ತೆ ಇವತ್ತು ಹಾದಿಯಲ್ಲಿ ಹೋಗುತ್ತಿದ್ದ ಕಂಡಕ್ಟರನನ್ನು ಕರೆದು ಊಟಕ್ಕೆ ಕೂರಿಸಿದರು. ತೆಲುಗಿನಲ್ಲಿ ಬೇಡಮ್ಮಾ ಬೇಡಮ್ಮಾ ಎನ್ನುತ್ತಲೇ ಉಂಡ. ಇನ್ನೊಂದು ರೊಟ್ಟಿ ನಾನೇ ಹಾಕಿದೆ. ಉಳಿದಿತ್ತು, ಅದಕ್ಕೆ.

೬ ಡಿಸೆಂಬರ್, ಶುಕ್ರವಾರ

ಅತ್ತೆ ಬರುವುದಿಲ್ಲವೆಂದುಕೊಂಡಿದ್ದೆ. ವರ್ಷದ ಸೂತಕದ ನೆವ ಹೇಳಿ ಮನೆಯಲ್ಲೇ ಉಳಿಯುತ್ತಾರೆ, ನನ್ನ ಕೆಲಸ ಸಲೀಸು ಎಂದು. ಬೆಳಿಗ್ಗೆ ನೋಡಿದರೆ ಇಳಕಲ್ ಸೀರೆ ತೆಗೆದು ಬಿಸಿಲಿಗೆ ಹಾಕುತ್ತಿದ್ದಾರೆ.

"ನೀವು ಬರ್ತೀರೇನ್ರಿ ಅತ್ತಿ?"

"ಬರ್ತೀನಿ. ಮುಂದಿನ ಸಾಲಿನ್ಯಾಗ ಕುರ್ಚಿ ಇಡಸು."

ಈ ತಿಂಗಳುಗಳಲ್ಲಿ ಅವರು ನನ್ನೊಡನೆ ಆಡಿದ ಅತಿ ಉದ್ದದ ಮಾತು ಇದು.

ರಾತ್ರಿ ಊಟವಾದ ಮೇಲೆ ನಮ್ಮವರಿಗೆ ಎಲ್ಲವನ್ನೂ ಹೇಳಿದೆ. "ಇಂಗ್ಲಿಷ್ ಬರಾವ್ರು ಹೆಂಗೂ ಓದ್ತಾರ. ಅವ್ವ ಒಬ್ಬಾಕಿಗಾಗಿ ಹಳೇದನ್ನ ಹೇಳಿಬಿಡು ಉಮಾ" ಎಂದರು. ಸಾಧ್ಯವಿಲ್ಲ ಎಂದೆ. ಗೊತ್ತಿದ್ದೂ ತಪ್ಪು ಹೇಳುವ ಬಾಯಿ ನನ್ನದಲ್ಲ. ಇಷ್ಟು ವರ್ಷವಾದ ಮೇಲೂ ಒಬ್ಬ ಹೆಂಗಸನ್ನು ಮಗುವಿನಂತೆ ನಡೆಸಿಕೊಳ್ಳುವುದು ಗೌರವವಲ್ಲ. ಅವರಿಗೂ ನಿಜ ಗೊತ್ತಾಗಲಿ. ಆಮೇಲೆ ನಾನು ಪಕ್ಕದಲ್ಲಿ ಕೂತುಕೊಳ್ಳುತ್ತೇನೆ, ಕೈ ಹಿಡಿದುಕೊಳ್ಳುತ್ತೇನೆ. ಮಾಡಬೇಕಾದ್ದು ಇಷ್ಟೇ, ಇದರಲ್ಲಿ ಗೊಂದಲವೇನೂ ಇಲ್ಲ.

ಹೊಸ ಭಾಷಣ ಇನ್ನೂ ಬರೆದಿಲ್ಲ. ನಾಳೆ ಬರೆದರಾಯಿತು.

೯ ಡಿಸೆಂಬರ್, ಸೋಮವಾರ

ಕಾಲೇಜಿಗೆ ರಜೆ ಹಾಕಿ ಬರೆಯುತ್ತಿದ್ದೇನೆ.

ನಿನ್ನೆ ಸಂಘದ ಹಾಲ್ ತುಂಬಿತ್ತು, ಹಿಂದೆ ಗೋಡೆಗಾತು ನಿಂತವರೂ ಇದ್ದರು. ನನ್ನ ಭಾಷಣ ಐದು ನಿಮಿಷವೂ ಆಗಲಿಲ್ಲ. ಇದು ದೊಡ್ಡ ಚಿತ್ರ, ಹಿಮ ಮತ್ತು ಕುದುರೆ ಸ್ವಲ್ಪ ಹೆಚ್ಚಾದರೂ ದೊಡ್ಡದೇ ಎಂದು ಹೇಳಿ ಮುಗಿಸಿದೆ. ಚಪ್ಪಾಳೆ ಬಂತು. ಮಾವನವರು ನಿಲ್ಲುತ್ತಿದ್ದ ಜಾಗಕ್ಕೇ ಹೋಗಿ ಮೈಕ್ ಹಿಡಿದೆ. ಅಲ್ಲಿಂದ ಮುಂದಿನ ಸಾಲಿನಲ್ಲಿ ಅತ್ತೆಯ ತುರುಬು, ಅದರ ಮೇಲಿನ ಸೆರಗು ಕಾಣುತ್ತಿತ್ತು. ಇಷ್ಟು ವರ್ಷ ಮಾವನವರಿಗೆ ಕಂಡದ್ದೂ ಅದೇ ಇರಬೇಕು.

ಮೊದಲ ಭಾಗ ಚೆನ್ನಾಗಿ ಹೇಳಿದೆ. ಕುದುರೆ ಸವಾರರ ತಮಾಷೆಗೆ ಜನ ನಕ್ಕರು, ಕಲ್ಯಾಣಪ್ಪ ಕಾಕಾ ತಲೆಯಾಡಿಸಿದರು. ಆಮೇಲೆ ಒಲೆ ಬಂತು. ಹುಡುಗ ಬಂದು ಕೂತ. ಅವಳು ಬಡಿಸಿದಳು. ಕೆಳಗೆ ಅಕ್ಷರ ಮೂಡಿತು.

ನನ್ನ ಗಂಟಲು ಕಟ್ಟಿತು. ಚಳಿಗಾಲ, ಎರಡು ದಿನದಿಂದ ಕೆರೆತ ಇದ್ದೇ ಇತ್ತು.

ಮೊದಲ ಸಾಲು ಹೋಯಿತು, ಎರಡನೆಯದು ಹೋಯಿತು. ಹಿಂದೆ ಇಂಗ್ಲಿಷ್ ಓದಿದವರ ಗುಸುಗುಸು ಶುರುವಾಯಿತು. "ಅರೆ, ಇದೇನು..." ಎಂದು ಯಾರೋ ಅಂದರು. ಕಾಕಾ ಜೋರಾಗಿ ಕೆಮ್ಮಿದರು. ನಮ್ಮವರು ಕುರ್ಚಿಯಿಂದ ಎದ್ದು ನಿಂತರು. ನಾನು ಮೈಕನ್ನು ಬಾಯಿಗೆ ಹಿಡಿದೇ ಇದ್ದೆ, ಅದರಿಂದ ಬರುತ್ತಿದ್ದದ್ದು ನನ್ನ ಉಸಿರಿನ ಸದ್ದು ಮಾತ್ರ.

ಆಗ ಮುಂದಿನ ಸಾಲಿನಿಂದ ದನಿ ಬಂತು. ಮೈಕ್ ಇಲ್ಲ, ಏನಿಲ್ಲ. ಅತ್ತೆ ಪರದೆಯ ಕಡೆ ಮುಖ ಮಾಡಿಕೊಂಡೇ ಹೇಳಿದರು.

"ನೀ ಯಾರ ಮಗ ಅಂತ ನಾ ಕೇಳೂದಿಲ್ಲಪ್ಪ. ಮೊದಲ ಉಣ್ಣು. ನನ್ನ ಮಗ ಹೋದ ಕಡೆನೂ ಯಾರೋ ಒಬ್ಬಾಕಿ ಒಲಿ ಹಚ್ಚಿರ್ತಾಳ."

ಗುಸುಗುಸು ನಿಂತಿತು. ಚಿತ್ರ ಮುಗಿಯುವ ತನಕ ನಾನು ಮತ್ತೆ ಮೈಕ್ ಎತ್ತಲಿಲ್ಲ.

ಬರುವಾಗ ನಮ್ಮವರು ಸ್ಕೂಟರಿನಲ್ಲಿ ಹಿಂದೆ ಬಂದರು, ನಾನೂ ಅತ್ತೆಯೂ ಆಟೋದಲ್ಲಿ. ಮಾಸಾಬ್ ಟ್ಯಾಂಕ್ ದಾಟಿದ ಮೇಲೆ ಅತ್ತೆ ನನ್ನ ಕಡೆ ತಿರುಗಿದರು.

"ಗಂಟಲಿಗೆ ಏನಾತು?" ಎಂದರು.

"ಚಳಿ ಅತ್ತಿ."

"ಚಳಿ ಅಲ್ಲ." ಸೆರಗು ಬಿಗಿ ಮಾಡಿಕೊಂಡರು. "ಆಕಿ ಆ ಹುಡುಗನ್ನ ಹಿಡದು ಕೊಟ್ಲು. ನನಗೇನು ಕಣ್ಣಿಲ್ಲೇನು? ಉಣ್ಣಾಕ ನೀಡೂ ಹೆಣ್ಮಗಳು ಉಣ್ಣಾವನ ಬಾಯಿ ನೋಡ್ತಾಳ. ಆಕಿ ಬಾಗಲಾ ನೋಡಾಕತ್ತಿದ್ಲು."

"ಯಾವಾಗ ತಿಳೀತ್ರಿ ನಿಮಗ?"

"ಮೊದಲನೇ ದಿನಾನ."

ನಾನು ಆ ದೃಶ್ಯವನ್ನು ಎಷ್ಟು ಸಲ ನೋಡಿದ್ದೇನೆ! ಅವಳ ಕಣ್ಣು ಬಾಗಿಲ ಮೇಲಿದ್ದದ್ದು ನನಗೆ ಒಮ್ಮೆಯೂ ಕಾಣಲಿಲ್ಲ, ಮೊನ್ನೆ ಒಬ್ಬಳೇ ಕೂತು ಅಕ್ಷರ ಓದಿದಾಗಲೂ ಕಾಣಲಿಲ್ಲ. ಭಾಷೆ ಬಾರದವರಿಗೆ ಬರೀ ಮುಖದಿಂದ ನಿಜ ಮುಟ್ಟಿಸಿದ ಚಿತ್ರ ಅದು, ಮೈಕಿನಲ್ಲಿ ಬೇರೆ ಮಾತು ಕೇಳುತ್ತಿರುವಾಗಲೂ ಮುಟ್ಟಿಸಿತು. ಅದು ದೊಡ್ಡದೋ ಅಲ್ಲವೋ ಎಂದು ನಾನು ಇನ್ನು ಯಾರ ಜೊತೆಯೂ ವಾದ ಮಾಡುವುದಿಲ್ಲ.

"ತಿಳಿದೂ ಪ್ರತಿ ವರ್ಷ ಯಾಕ ಹೋಗ್ತಿದ್ರಿ?" ಎಂದು ಕೇಳಿದೆ.

"ನಿಮ್ಮ ಮಾವ ಮನ್ಯಾಗ ಬಸವಲಿಂಗನ ಹೆಸರ ಎತ್ತತಿದ್ದಿಲ್ಲ. ನಾ ಎತ್ತಿದ್ರ ಎದ್ದು ಹೊರಗ ಹೋಗ್ತಿದ್ರು. ಸಾಯೂ ತನಕ ಹಂಗ. ವರ್ಷಕ್ಕೊಮ್ಮೆ ಅಲ್ಲಿ, ಕತ್ತಲಾಗ, ಅಷ್ಟು ಮಂದಿ ಮುಂದ, ಅಂವ ಉಂಡಿರ್ತಾನ ಅಂತ ನನಗ ಹೇಳ್ತಿದ್ರು. ಸುಳ್ಳ ಇರಲಿ. ಅದನ್ನ ಕೇಳಾಕ ಹೋಗ್ತಿದ್ದೆ."

ಆಟೋ ನಮ್ಮ ಓಣಿಗೆ ತಿರುಗಿತು. ನಾನು ಅವರ ಕೈ ಹಿಡಿದುಕೊಳ್ಳಬೇಕೆಂದಿದ್ದೆ. ಹಿಡಿದದ್ದು ಅವರು.

"ಬರೂ ವರ್ಷ ಹಂಗ ಬಾಯಿ ತಗದು ನಿಂದರಬ್ಯಾಡ" ಎಂದರು. "ಹೇಳೂದಿದ್ರ ನಿಮ್ಮ ಮಾವನಂಗ ಗಟ್ಟಿ ದನಿಲೆ ಹೇಳು. ನನಗ ಕಿವಿ ಮಂದ ಆಗ್ಯಾವು."

ಹೇಳುತ್ತೇನೆ ಎಂದೆ.